ನೆಲದಡಿಯಲ್ಲಿ ರೈಲೇ ಇರಲಿಲ್ಲ: ಹ್ಯಾರಿಯೆಟ್ ಟಬ್‌ಮನ್ ಜನರನ್ನು ದಾಟಿಸಿದ್ದು ಹೇಗೆ?

ಪ್ರಶ್ನೆ: ಎಂಟನೇ ತರಗತಿಯ ಮಗಳು ಶಾಲೆಯ ಭಾಷಣಕ್ಕೆ ಹ್ಯಾರಿಯೆಟ್ ಟಬ್‌ಮನ್ ಅವರ ಜೀವನವನ್ನು ಆರಿಸಿಕೊಂಡಿದ್ದಾಳೆ. ಹುಡುಕಿದರೆ ಒಂದು ಕಡೆ 19 ಸಲ ಹೋಗಿ 300 ಗುಲಾಮರನ್ನು ಬಿಡಿಸಿದರು, ತಲೆಗೆ 40,000 ಡಾಲರ್ ಬಹುಮಾನವಿತ್ತು ಎಂದಿದೆ. ಇನ್ನೊಂದು ಕಡೆ 70 ಜನ ಎಂದಿದೆ. ಯಾವುದು ಸರಿ? 'ಅಂಡರ್‌ಗ್ರೌಂಡ್ ರೈಲ್‌ರೋಡ್' ಎಂದರೆ ಸುರಂಗದ ರೈಲೇ? ಓದು ಬಾರದ, ತಲೆಗೆ ಪೆಟ್ಟು ಬಿದ್ದಿದ್ದ ಹೆಂಗಸು ಇದನ್ನೆಲ್ಲ ಮಾಡಿದ್ದಾದರೂ ಹೇಗೆ?

ಉತ್ತರ: 70 ಸರಿ. ಹ್ಯಾರಿಯೆಟ್ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಾನೇ ತಪ್ಪಿಸಿಕೊಂಡವಳು. 1850ರ ಡಿಸೆಂಬರಿನಿಂದ 1860ರ ಡಿಸೆಂಬರಿನ ತನಕ ಹ್ಯಾರಿಯೆಟ್ ಸುಮಾರು 13 ಸಲ ಮೇರಿಲ್ಯಾಂಡಿಗೆ ಹೋಗಿ ಸುಮಾರು 70 ಜನರನ್ನು ಕರೆತಂದಳು. ಇನ್ನೊಂದು 50–60 ಜನರಿಗೆ ಯಾವ ದಾರಿ ಹಿಡಿಯಬೇಕು, ಯಾರ ಬಾಗಿಲು ತಟ್ಟಬೇಕು ಎಂದು ಹೇಳಿಕೊಟ್ಟಳು. ಅವರು ತಾವಾಗಿಯೇ ದಾಟಿದರು. 19 ಮತ್ತು 300 ಎಂಬ ಲೆಕ್ಕ ಬಂದದ್ದು 1869ರಲ್ಲಿ ಆಕೆಗೆ ಹಣ ಕೂಡಿಸಲೆಂದು ಅವಸರದಲ್ಲಿ ಬರೆದ ಜೀವನಚರಿತ್ರೆಯಿಂದ. 1858–59ರ ಸಭೆಗಳಲ್ಲಿ ಹ್ಯಾರಿಯೆಟ್ ತಾನೇ ಹೇಳಿಕೊಂಡಿದ್ದು ಎಂಟೊಂಬತ್ತು ಪ್ರಯಾಣ, 50–60 ಜನ. ಅದಾದ ಮೇಲೆ ಆಕೆ ಹೋದದ್ದು ಒಂದೇ ಒಂದು ಸಲ ಎನ್ನಬಹುದು. 300 ಆಗುವುದು ಹೇಗೆ?

40,000 ಡಾಲರ್ ಕಥೆಯೂ ಅಂಥದ್ದೇ. ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಮುಗಿದ ಮೇಲೆ, 1867ರಲ್ಲಿ, ಆಕೆಯ ಪರವಾಗಿ ಬರೆದ ಪತ್ರವೊಂದರಲ್ಲಿ ಈ ಮೊತ್ತ ಮೊದಲು ಕಾಣಿಸಿಕೊಂಡಿತು. 1865ರಲ್ಲಿ ಅಧ್ಯಕ್ಷ ಲಿಂಕನ್‌ರನ್ನು ಕೊಂದ ಬೂತ್‌ನನ್ನು ಹಿಡಿದುಕೊಡಲು ಸರ್ಕಾರ ಸಾರಿದ್ದೇ 50,000 ಡಾಲರ್. ಹಳ್ಳಿಯ ಒಬ್ಬ ಗುಲಾಮ ಹೆಂಗಸಿಗೆ 40,000 ಸಾರಿದ್ದರೆ ದೇಶದ ಪತ್ರಿಕೆಗಳೆಲ್ಲ ಅದನ್ನೇ ಬರೆಯುತ್ತಿದ್ದವು. ಆಕೆಯ ಮೇಲಿದ್ದ ನಿಜವಾದ ಬಹುಮಾನದ ಜಾಹೀರಾತು ನಮ್ಮ ಕೈಯಲ್ಲಿದೆ. 2003ರಲ್ಲಿ ಬಕ್‌ಟೌನ್ ಎಂಬ ಹಳ್ಳಿಯವರಿಗೆ ಕಸದ ತೊಟ್ಟಿಗೆ ಬಿದ್ದಿದ್ದ ಹಳೆಯ ಕಾಗದಗಳ ನಡುವೆ ಅದು ಸಿಕ್ಕಿತು. ತಾರೀಖು 1849ರ ಅಕ್ಟೋಬರ್ 3. ಮೂವರು ಓಡಿಹೋಗಿದ್ದಾರೆ: ಹ್ಯಾರಿ, ವಯಸ್ಸು ಸುಮಾರು 19, ಕಿವಿಯ ಕೆಳಗೆ ಕುತ್ತಿಗೆಯಲ್ಲಿ ಗಂಟಿದೆ, ಬೆನ್, ಸುಮಾರು 25, ಮಾತಾಡಿಸಿದರೆ ಥಟ್ಟನೆ ಉತ್ತರ ಕೊಡುತ್ತಾನೆ, ಮಿಂಟಿ, ಸುಮಾರು 27, ನೋಡಲು ಲಕ್ಷಣವಾಗಿದ್ದಾಳೆ, ಎತ್ತರ ಸುಮಾರು 5 ಅಡಿ. ರಾಜ್ಯದೊಳಗೆ ಹಿಡಿದುಕೊಟ್ಟರೆ ತಲೆಗೆ 50 ಡಾಲರ್, ಹೊರಗೆ ಹಿಡಿದರೆ 100. ಈ ಮಿಂಟಿಯೇ ಹ್ಯಾರಿಯೆಟ್. ಹುಟ್ಟುಹೆಸರು ಅರಮಿಂಟಾ ರಾಸ್. 1844ರ ಸುಮಾರಿಗೆ ಜಾನ್ ಟಬ್‌ಮನ್ ಎಂಬ ಸ್ವತಂತ್ರ ಕರಿಯನನ್ನು ಮದುವೆಯಾದ ಮೇಲೆ ಹ್ಯಾರಿಯೆಟ್ ಎಂಬ ತಾಯಿಯ ಹೆಸರನ್ನು ತನ್ನದಾಗಿಸಿಕೊಂಡಳು. ಹಳೆಯ ಪುಸ್ತಕಗಳು ಹುಟ್ಟಿದ್ದು 1820 ಎನ್ನುತ್ತವೆ. ಮೇರಿಲ್ಯಾಂಡಿನ ಡಾರ್ಚೆಸ್ಟರ್ ಕೌಂಟಿಯ (ಜಿಲ್ಲೆಯ) ಒಬ್ಬ ಜಮೀನ್ದಾರನ ಲೆಕ್ಕದ ಪುಸ್ತಕದಲ್ಲಿ 1822ರ ಮಾರ್ಚಿನಲ್ಲಿ ಆಕೆಯ ತಾಯಿಯ ಹೆರಿಗೆಗೆಂದು ಸೂಲಗಿತ್ತಿಗೆ 2 ಡಾಲರ್ ಕೊಟ್ಟದ್ದು ದಾಖಲಾಗಿದೆ. ಹಾಗಾಗಿ 1822 ಎಂದೇ ಬರೆಯಲಿ.

ಮಗಳು 'ಜೀತ' ಎಂಬ ಪದ ಬಳಸುವುದು ಬೇಡ. ನಮ್ಮಲ್ಲಿ ಜೀತವೆಂದರೆ ಸಾಲಕ್ಕೆ ಸಿಕ್ಕಿಬಿದ್ದ ದುಡಿಮೆ. ಕಾಗದದ ಮೇಲಾದರೂ ಅಲ್ಲೊಂದು ಲೆಕ್ಕ ಇರುತ್ತದೆ. ಮೇರಿಲ್ಯಾಂಡಿನಲ್ಲಿ ಇದ್ದದ್ದು ಮನುಷ್ಯರನ್ನೇ ಸೊತ್ತಾಗಿ ಇಟ್ಟುಕೊಳ್ಳುವ ಕಾನೂನು. ತಾಯಿ ಯಾರ ಸೊತ್ತೋ ಮಗುವೂ ಅವರದೇ, ತಂದೆ ಸ್ವತಂತ್ರನಾದರೂ ಅಷ್ಟೇ. ಹ್ಯಾರಿಯೆಟ್‌ಳ ತಂದೆ ಬೆನ್ ರಾಸ್‌ಗೆ 1840ರಲ್ಲಿ ಬಿಡುಗಡೆಯಾಯಿತು, ಮಕ್ಕಳಿಗೆ ಆಗಲಿಲ್ಲ. ರಿಟ್ ಎಂದು ಕರೆಯುತ್ತಿದ್ದ ತಾಯಿಯನ್ನು 45 ವರ್ಷಕ್ಕೆ ಬಿಡಬೇಕೆಂದು ಹಿಂದಿನ ಯಜಮಾನ ಉಯಿಲಿನಲ್ಲಿ ಬರೆದಿಟ್ಟಿದ್ದ, ವಾರಸುದಾರರು ಅದನ್ನು ಮುಚ್ಚಿಟ್ಟರು. ಹ್ಯಾರಿಯೆಟ್ 5 ಡಾಲರ್ ಕೊಟ್ಟು ವಕೀಲನಿಂದ ಆ ಉಯಿಲನ್ನು ಹುಡುಕಿಸಿದ ಮೇಲೆಯೇ ವಿಷಯ ಗೊತ್ತಾದದ್ದು. ಗೊತ್ತಾಗಿಯೂ ಏನೂ ಆಗಲಿಲ್ಲ. ಕೊನೆಗೆ 1855ರಲ್ಲಿ ಬೆನ್ ರಾಸ್ ತನ್ನ ಹೆಂಡತಿಯನ್ನು 20 ಡಾಲರ್ ಕೊಟ್ಟು ಕೊಂಡುಕೊಂಡ.

ಈಗ ರೈಲಿನ ವಿಷಯ. ಸುರಂಗವೂ ಇಲ್ಲ, ಹಳಿಯೂ ಇಲ್ಲ. ಓಡಿಬಂದವರಿಗೆ ಒಂದು ರಾತ್ರಿ ಜಾಗ, ಊಟ, ಮುಂದಿನ ಮನೆಯ ಗುರುತು ಕೊಡುತ್ತಿದ್ದವರ ಬಳಗಕ್ಕೆ ಇಟ್ಟ ಅಡ್ಡಹೆಸರು ಅದು. ಆ ಕಾಲಕ್ಕೆ ರೈಲು ಹೊಸದು, ಹಾಗಾಗಿ ಮಾತೂ ರೈಲಿನದೇ: ಕರೆದೊಯ್ಯುವವರು ಕಂಡಕ್ಟರ್, ಮನೆ ಸ್ಟೇಷನ್, ಬಂದವರು ಪ್ಯಾಸೆಂಜರ್. ಬಹಳ ಜನ ಇದನ್ನು ಕ್ವೇಕರ್ ಎಂಬ ಕ್ರೈಸ್ತ ಪಂಥದ ಬಿಳಿಯರು ನಡೆಸಿದ್ದೆಂದು ತಿಳಿದಿದ್ದಾರೆ. ಕ್ವೇಕರರ ಪಾಲು ದೊಡ್ಡದೇ. ಆದರೆ ಹ್ಯಾರಿಯೆಟ್‌ಳ ದಾರಿಯಲ್ಲಿ ಮೊದಲ ಮನೆಗಳು ಸ್ವತಂತ್ರ ಕರಿಯರವು, ಅಪಾಯವೂ ಅವರಿಗೇ ಹೆಚ್ಚು. ಈಸ್ಟ್ ನ್ಯೂಮಾರ್ಕೆಟ್‌ನ ಪಾದ್ರಿ ಸ್ಯಾಮ್ಯುಯೆಲ್ ಗ್ರೀನ್‌ಗೆ 1857ರಲ್ಲಿ 10 ವರ್ಷ ಜೈಲಾಯಿತು. ಆರೋಪ? ಮನೆಯಲ್ಲಿ ಗುಲಾಮಗಿರಿ ವಿರೋಧಿಸುವ ಒಂದು ಕಾದಂಬರಿ ಇತ್ತು.

ಇನ್ನು 'ಹೇಗೆ' ಎಂಬುದಕ್ಕೆ ಬರೋಣ. ಹ್ಯಾರಿಯೆಟ್ ಕಂಡಕಂಡ ರಾಜ್ಯಕ್ಕೆಲ್ಲ ನುಗ್ಗಿ ಗುಲಾಮರನ್ನು ಬಿಡಿಸಲಿಲ್ಲ. ಆಕೆ ಹೋದದ್ದು ತನ್ನ ಊರಿಗೆ, ತಂದದ್ದು ಹೆಚ್ಚಾಗಿ ಅಣ್ಣತಮ್ಮಂದಿರು, ಸೋದರಿಯ ಮಗಳು, ತಂದೆತಾಯಿ, ನೆರೆಹೊರೆಯವರನ್ನು. ಡಾರ್ಚೆಸ್ಟರ್, ಪಕ್ಕದ ಕ್ಯಾರೊಲೈನ್, ಈ ಎರಡು ಕೌಂಟಿಗಳ ಕೆಸರು, ಕಾಡು, ಕಾಲುದಾರಿ ಆಕೆಗೆ ಅಂಗೈಯ ಗೆರೆಯಷ್ಟು ಪರಿಚಿತ. ಆರೇಳು ವರ್ಷದವಳಿದ್ದಾಗಲೇ ಯಜಮಾನ ಆಕೆಯನ್ನು ಬೇರೆ ಮನೆಗೆ ಬಾಡಿಗೆಗೆ ಕೊಟ್ಟಿದ್ದ. ಚಳಿಗಾಲದಲ್ಲಿ ಸೊಂಟಮಟ್ಟದ ನೀರಿಗಿಳಿದು ಮಸ್ಕ್‌ರ್ಯಾಟ್ ಎಂಬ ನೀರಿಲಿಗಳ ಬೋನು ನೋಡಿಕೊಂಡು ಬರುವುದು ಕೆಲಸ. ದೊಡ್ಡವಳಾದ ಮೇಲೆ ತಂದೆಯ ಜೊತೆ ಮರ ಕಡಿಯುವ ಕೆಲಸ. ತಂದೆ ನಾಟಾ ಕೆಲಸದ ಮೇಸ್ತ್ರಿ. ಆ ಮರ ಹಡಗಿನಲ್ಲಿ ಬಾಲ್ಟಿಮೋರಿಗೆ ಹೋಗುತ್ತಿತ್ತು, ಹಡಗಿನ ಕೂಲಿಗಳಲ್ಲಿ ಎಷ್ಟೋ ಜನ ಕರಿಯರು. ಯಾವ ಬಂದರಿನಲ್ಲಿ ಯಾರು ನಂಬಿಕಸ್ಥರು ಎಂಬ ಸುದ್ದಿ ಕಾಡಿನ ಮರ ಕಡಿಯುವವರ ತನಕ ಅವರ ಬಾಯಿಂದಲೇ ಬರುತ್ತಿತ್ತು. ಓದು ಬಾರದಿದ್ದರೇನು, ಈ ಕೆಲಸಕ್ಕೆ ಬೇಕಾದ ಪಾಠವೆಲ್ಲ ಅಲ್ಲೇ ಆಗಿತ್ತು.

ತಲೆಯ ಪೆಟ್ಟು ನಿಜ. ಬಕ್‌ಟೌನ್‌ನ ಅಂಗಡಿಯಲ್ಲಿ ಓಡುತ್ತಿದ್ದ ಗುಲಾಮನೊಬ್ಬನ ಕಡೆಗೆ ಮೇಲ್ವಿಚಾರಕ ತಕ್ಕಡಿಯ 2 ಪೌಂಡಿನ ತೂಕದ ಬಟ್ಟು ಬೀಸಿ ಎಸೆದ. ಅದು ಬಾಗಿಲಲ್ಲಿ ನಿಂತಿದ್ದ ಈಕೆಯ ತಲೆಗೆ ಬಿತ್ತು. 2 ಪೌಂಡ್ ಎಂದರೆ ಸುಮಾರು 900 ಗ್ರಾಂ. ಅಲ್ಲಿಂದ ಸಾಯುವ ತನಕ ಮಾತಿನ ಮಧ್ಯದಲ್ಲೇ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುತ್ತಿದ್ದಳು, ಎಚ್ಚರಾದಾಗ ಕನಸುಗಳನ್ನು ಹೇಳುತ್ತಿದ್ದಳು, ಅದನ್ನು ದೇವರ ಮಾತೆಂದು ನಂಬುತ್ತಿದ್ದಳು. ತಪ್ಪಿಸಿಕೊಂಡು ಹೋಗುವ ಗುಂಪಿನ ಮುಂದಾಳು ದಾರಿಯಲ್ಲೇ ನಿದ್ದೆ ಹೋದರೆ? ಜೊತೆಯವರು ಸುತ್ತ ಕೂತು ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕಾದರು.

1849ರ ಮಾರ್ಚಿನಲ್ಲಿ ಯಜಮಾನ ಎಡ್ವರ್ಡ್ ಬ್ರೋಡೆಸ್ ಸಾಲ ಬಿಟ್ಟು ಸತ್ತ. ಸಾಲ ತೀರಿಸಲು ವಿಧವೆ ಗುಲಾಮರನ್ನು ಮಾರುವುದು ಖಾತ್ರಿ. ಮೂವರು ಅಕ್ಕಂದಿರು ಹಿಂದೆಯೇ ದಕ್ಷಿಣಕ್ಕೆ ಮಾರಾಟವಾಗಿ ಕಣ್ಮರೆಯಾಗಿದ್ದರು. ಸೆಪ್ಟೆಂಬರ್ 17ರಂದು ಇಬ್ಬರು ಸೋದರರ ಜೊತೆ ಹೊರಟಳು. ಅವರಿಗೆ ಧೈರ್ಯ ಸಾಲದೆ ಎಲ್ಲರೂ ತಿರುಗಿ ಬಂದರು. ಆಮೇಲೆ ಒಬ್ಬಳೇ ಹೊರಟಳು. ಗುಲಾಮಗಿರಿ ಇಲ್ಲದ ಪೆನ್ಸಿಲ್ವೇನಿಯಾ ರಾಜ್ಯದ ಗಡಿಗೆ ಸುಮಾರು 145 ಕಿಲೋಮೀಟರ್. ಚಾಪ್‌ಟ್ಯಾಂಕ್ ನದಿಯ ದಂಡೆ ಹಿಡಿದು ಹರಿವಿಗೆ ಎದುರಾಗಿ ನಡೆದರೆ ಡೆಲವೇರ್ ಗಡಿಯ ಹತ್ತಿರ ಬರುತ್ತೇವೆ. ರಾತ್ರಿ ಧ್ರುವನಕ್ಷತ್ರ, ಮೋಡ ಕವಿದರೆ ನದಿ. ಮುಂದಿನ ವರ್ಷ ಓಡಿಹೋದ ಗುಲಾಮರನ್ನು ಹಿಂದಿರುಗಿಸುವ ಹೊಸ ಕಾನೂನು ಬಂದಾಗ ಫಿಲಡೆಲ್ಫಿಯಾದಲ್ಲೂ ನೆಮ್ಮದಿ ಹೋಯಿತು, ಬ್ರಿಟಿಷರ ಕೆನಡಾವೇ ಕೊನೆಯ ನಿಲ್ದಾಣವಾಯಿತು. ನಯಾಗರಾ ಸೇತುವೆ ದಾಟಿ ಸೇಂಟ್ ಕ್ಯಾಥರೀನ್ಸ್ ಊರು.

ಮೊದಲ ಬಿಡುಗಡೆಯಲ್ಲಿ ಆಕೆ ಬಾಲ್ಟಿಮೋರ್ ದಾಟಿ ತನ್ನ ಊರಿನ ತನಕ ಹೋಗಲೇ ಇಲ್ಲ. 1850ರ ಡಿಸೆಂಬರಿನಲ್ಲಿ ಸೋದರಿಯ ಮಗಳು ಕೆಸ್ಸಾಯಾಳನ್ನೂ ಇಬ್ಬರು ಮಕ್ಕಳನ್ನೂ ಕೇಂಬ್ರಿಡ್ಜ್ ಊರಿನ ಕೋರ್ಟಿನ ಮುಂದೆ ಹರಾಜಿಗಿಟ್ಟರು. ಕೂಗಿದವರಲ್ಲಿ ಆಕೆಯ ಗಂಡನೇ ಒಬ್ಬ: ಜಾನ್ ಬೌಲಿ, ಸ್ವತಂತ್ರ, ಹಡಗು ಕಟ್ಟುವ ಬಡಗಿ. ಹರಾಜು ಅವನಿಗೇ ನಿಂತಿತು. ಹಣ ಕಟ್ಟಲು ಕರೆದರೆ ಯಾರೂ ಇಲ್ಲ! ತಾಯಿ ಮಕ್ಕಳು ಆಗಲೇ ಹತ್ತಿರದ ಮನೆಯೊಂದರಲ್ಲಿ ಅಡಗಿದ್ದರು. ಕತ್ತಲಾದ ಮೇಲೆ ಬೌಲಿ ಅವರನ್ನು ಸಣ್ಣ ಹಾಯಿದೋಣಿಯಲ್ಲಿ ಕೊಲ್ಲಿಯ ಗುಂಟ ಬಾಲ್ಟಿಮೋರಿಗೆ ತಂದ. ಅಲ್ಲಿಂದ ಮುಂದಿನದು ಹ್ಯಾರಿಯೆಟ್‌ಳ ಕೆಲಸ.

ಆಕೆಯ ಕಟ್ಟುಪಾಡುಗಳು ಕೆಲವೇ. ಒಂದೂ ಕಾರಣವಿಲ್ಲದ್ದಲ್ಲ. ಹೋಗುವುದು ಸಾಮಾನ್ಯವಾಗಿ ಶರತ್ಕಾಲದ ಕೊನೆಗೆ ಇಲ್ಲವೆ ಚಳಿಗಾಲಕ್ಕೆ. ಆಗ ರಾತ್ರಿ ಉದ್ದ, ಹೊರಗೆ ಓಡಾಡುವವರು ಕಡಿಮೆ. ಹೊರಡುವುದು ಶನಿವಾರ ರಾತ್ರಿ; ಭಾನುವಾರ ಕೆಲಸವಿಲ್ಲ, ಯಾರು ಇಲ್ಲವೆಂದು ಸೋಮವಾರದ ತನಕ ತಿಳಿಯುವುದಿಲ್ಲ, ಅಷ್ಟರ ತನಕ ಜಾಹೀರಾತೂ ಅಚ್ಚಾಗುವುದಿಲ್ಲ. ತೋಟದ ಮನೆಗಳಿಗೆ ತಾನು ಹೋಗುತ್ತಿರಲಿಲ್ಲ, ಎಂಟು-ಹತ್ತು ಮೈಲಿ ದೂರದ ಗೊತ್ತುಮಾಡಿದ ಜಾಗಕ್ಕೆ ಅವರೇ ಬರಬೇಕು. ಹೊತ್ತಿಗೆ ಬಾರದವರಿಗೆ ಕಾಯುವುದಿಲ್ಲ. ಸಂಶಯ ಬಂದರೆ ದಕ್ಷಿಣದ ಕಡೆಗೆ ಹೋಗುವುದು. 1856ರಲ್ಲಿ ಟಿಲ್ಲಿ ಎಂಬ ಹುಡುಗಿಯನ್ನು ಬಾಲ್ಟಿಮೋರಿನಿಂದ ನೇರ ಉತ್ತರಕ್ಕೆ ಕರೆದೊಯ್ಯದೆ, ಸ್ಟೀಮರ್ ಹತ್ತಿ ದಕ್ಷಿಣಕ್ಕಿಳಿದು ಸೀಫರ್ಡ್ ತಲುಪಿ, ಅಲ್ಲಿಂದ ರೈಲಿನಲ್ಲಿ ಮೇಲಕ್ಕೆ ಬಂದಳು. ಓಡಿಹೋಗುವ ಗುಲಾಮ ದಕ್ಷಿಣಕ್ಕೆ ಹೋಗುತ್ತಾನೆಂದು ಯಾರು ಎಣಿಸುತ್ತಾರೆ?

ಸೊಂಟದಲ್ಲಿ ಪಿಸ್ತೂಲು ಇರುತ್ತಿತ್ತು. ಕಾಲು ಊದಿಕೊಂಡು "ನಾನು ವಾಪಸು ಹೋಗುತ್ತೇನೆ" ಎಂದವನಿಗೆ ಅದನ್ನು ತೋರಿಸಿ ನಡೆ, ಇಲ್ಲವೆ ಸಾಯಿ ಎಂದದ್ದನ್ನು ಆಕೆಯೇ ಹೇಳಿದ್ದಾಳೆ. ಇದನ್ನು ಕ್ರೌರ್ಯ ಎನ್ನುವವರಿದ್ದಾರೆ. ವಾಪಸು ಹೋದವನನ್ನು ಹೊಡೆದು ಬಾಯಿ ಬಿಡಿಸಿದರೆ ಅನ್ನ ಹಾಕಿದ ಅಷ್ಟೂ ಮನೆಗಳು ಹಾಳಾಗುತ್ತಿದ್ದವು, ಅದನ್ನು ನೆನಪಿಡಬೇಕು. ಕೂಸುಗಳಿಗೆ ಅಫೀಮು ಬೆರೆಸಿದ ಪ್ಯಾರೆಗೋರಿಕ್ ದ್ರಾವಣ ಕುಡಿಸಿ ಮಲಗಿಸುತ್ತಿದ್ದಳು. ಒಂದು ಅಳು ಸಾಕಿತ್ತು ಎಲ್ಲರನ್ನೂ ಹಿಡಿಸಲು.

ಎಲ್ಲ ಕೂಡಿ ಬಂದದ್ದು 1854ರ ಕ್ರಿಸ್‌ಮಸ್‌ನಲ್ಲಿ. ರಾಬರ್ಟ್, ಬೆನ್, ಹೆನ್ರಿ, ಮೂವರು ಸೋದರರನ್ನು ಹಬ್ಬದ ಮರುದಿನ ಮಾರುತ್ತಾರೆಂದು ಸುದ್ದಿ ಬಂತು. ಹ್ಯಾರಿಯೆಟ್ ಒಬ್ಬರಿಂದ ಪತ್ರ ಬರೆಸಿ ಜೇಕಬ್ ಜ್ಯಾಕ್ಸನ್ ಎಂಬ ಓದು ಬಲ್ಲ ಸ್ವತಂತ್ರ ಕರಿಯನಿಗೆ ಕಳಿಸಿದಳು. ಸಹಿ ಅವನ ಸಾಕುಮಗನದು. ಮನೆಯ ಕ್ಷೇಮ ಸಮಾಚಾರದ ನಡುವೆ ಒಂದು ಸಾಲು: ನನ್ನ ಅಣ್ಣತಮ್ಮಂದಿರು ಸದಾ ಪ್ರಾರ್ಥನೆಯಲ್ಲಿ ಎಚ್ಚರವಾಗಿರಲಿ, ಜಿಯೋನಿನ ಹಳೆಯ ಹಡಗು ಬಂದಾಗ ಹತ್ತಲು ಸಿದ್ಧವಾಗಿರಲಿ. ಅಂಚೆಯವರು ಒಡೆದು ಓದಿದರು. ಆ ಸಾಕುಮಗನಿಗೆ ಅಣ್ಣತಮ್ಮಂದಿರೇ ಇಲ್ಲ! ಅನುಮಾನದಿಂದ ಜ್ಯಾಕ್ಸನ್‌ನನ್ನು ಕರೆಸಿ ಕೇಳಿದರೆ, ಇದು ನನಗೆ ಬರೆದದ್ದೇ ಅಲ್ಲ, ತಲೆಬುಡ ತಿಳಿಯುತ್ತಿಲ್ಲ ಎಂದು ಪತ್ರ ಕೆಳಗೆಸೆದು ಹೋದ. ಹೋದವನು ಸುದ್ದಿ ಮುಟ್ಟಿಸಿದ.

ಗೊತ್ತಾದ ಜಾಗ ಪಾಪ್ಲರ್ ನೆಕ್‌ನಲ್ಲಿ ತಂದೆಯ ಮನೆಯ ಪಕ್ಕದ ಮೆಕ್ಕೆಜೋಳದ ಕಣಜ. ರಾಬರ್ಟ್ ತಡವಾಗಿ ಬಂದ. ಅವನ ಹೆಂಡತಿಗೆ ಅದೇ ಹೊತ್ತಿಗೆ ಹೆರಿಗೆ ನೋವು, ಹೆಣ್ಣು ಮಗು. ಬೆನ್ ಮದುವೆಯಾಗಬೇಕಿದ್ದ ಜೇನ್ ಗಂಡಸಿನ ಬಟ್ಟೆ ತೊಟ್ಟು ಬಂದಳು. ಕಣಜಕ್ಕೆ ಊಟ ತಂದ ಬೆನ್ ರಾಸ್ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ನಾಳೆ ಕೇಳಿದರೆ ಮಕ್ಕಳನ್ನು ನೋಡಿಲ್ಲ ಎನ್ನುವುದು ಸುಳ್ಳಾಗಬಾರದು. ತಾಯಿಗೆ ಹೇಳಲೇ ಇಲ್ಲ, ಆಕೆ ಕಂಡರೆ ಗೋಳಾಡಿ ಊರಿಗೆಲ್ಲ ಗೊತ್ತಾದೀತು ಎಂದು. ಹಂದಿ ಕಡಿದು ಹಬ್ಬದಡುಗೆ ಮಾಡಿ ಕಾಯುತ್ತಿದ್ದ ಮುದುಕಿ ಮತ್ತೆ ಮತ್ತೆ ಬಾಗಿಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಿದ್ದುದನ್ನು ಮಕ್ಕಳು ಕಣಜದ ಹಲಗೆಯ ಸಂದಿಯಿಂದ ನೋಡಿದರು. ಹೊರಡುವಾಗ ತಂದೆ ಕಣ್ಣು ಕಟ್ಟಿಕೊಂಡೇ, ಇಬ್ಬರ ತೋಳು ಹಿಡಿದು, ಸ್ವಲ್ಪ ದೂರ ಜೊತೆಗೆ ನಡೆದ.

ಡಿಸೆಂಬರ್ 29ರಂದು ಡೆಲವೇರಿನ ವಿಲ್ಮಿಂಗ್ಟನ್‌ನ ಕ್ವೇಕರ್ ವ್ಯಾಪಾರಿ ಥಾಮಸ್ ಗ್ಯಾರೆಟ್ ಬರೆದ ಪತ್ರ ಉಳಿದಿದೆ. ಆರು ಗಂಡಸರು, ಒಬ್ಬ ಹೆಂಗಸು, ಜೊತೆಗೆ ಹ್ಯಾರಿಯೆಟ್. ಆಕೆಯ ಮತ್ತು ಒಬ್ಬ ಗಂಡಸಿನ ಬೂಟು ನಡೆದು ನಡೆದು ಕಾಲಿನಿಂದಲೇ ಸವೆದುಹೋಗಿದ್ದವು, 2 ಡಾಲರ್ ಕೊಟ್ಟೆ ಎಂದಿದ್ದಾನೆ. ಈ ಪತ್ರ ಏಕೆ ಮುಖ್ಯವೆಂದರೆ, ಈ ಇಡೀ ವ್ಯವಹಾರದ ಕುತ್ತಿಗೆ ಹಿಚುಕುತ್ತಿದ್ದುದು ಹಣ. ಹ್ಯಾರಿಯೆಟ್ ಬೇಸಿಗೆಯಲ್ಲಿ ಫಿಲಡೆಲ್ಫಿಯಾ, ಕೇಪ್ ಮೇ ಊರುಗಳ ಮನೆ ಹೋಟೆಲುಗಳಲ್ಲಿ ಅಡುಗೆ, ಬಟ್ಟೆ ಒಗೆಯುವ ಕೆಲಸ ಮಾಡಿ ಕೂಡಿಟ್ಟು, ಚಳಿಗಾಲದಲ್ಲಿ ಅದನ್ನು ಬೂಟು, ಗಾಡಿ ಬಾಡಿಗೆ, ಲಂಚಕ್ಕೆ ಸುರಿಯುತ್ತಿದ್ದಳು. ಇದೇ ಗ್ಯಾರೆಟ್ 1856ರ ನವೆಂಬರಿನಲ್ಲಿ ಇನ್ನೊಂದು ಉಪಾಯ ಮಾಡಿದ. ತಲೆಗೆ 1,500 ಡಾಲರ್ ಬಹುಮಾನವಿದ್ದ ಜೋ ಬೈಲಿ ಗುಂಪಿನಲ್ಲಿದ್ದ, ವಿಲ್ಮಿಂಗ್ಟನ್ ಸೇತುವೆಗೆ ಕಾವಲು ಬಿದ್ದಿತ್ತು. ಗ್ಯಾರೆಟ್ ಇಟ್ಟಿಗೆ ಕೆಲಸದ ಗಾರೆಯವರನ್ನು ಗಾಡಿಯಲ್ಲಿ ಹಾಡುತ್ತ ಕೂಗುತ್ತ ಸೇತುವೆ ದಾಟಿಸಿ ಆಚೆ ಕಳಿಸಿದ. ರಾತ್ರಿ ಅದೇ ಗಾಡಿ, ಅದೇ ಗಲಾಟೆ, ವಾಪಸು ಬಂತು. ಕಾವಲಿನವರು ಬಿಟ್ಟರು. ಗಾಡಿಯ ತಳದಲ್ಲಿ ಓಡಿಬಂದವರು ಮಲಗಿದ್ದರು.

ಎಲ್ಲವೂ ಗೆದ್ದಿತೆಂದು ಮಗಳು ಹೇಳಬಾರದು. 1851ರಲ್ಲಿ ಗಂಡನನ್ನು ಕರೆತರಲು ಹೊಸ ಸೂಟು ಹಿಡಿದುಕೊಂಡು ಹೋದಳು. ಅವನು ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ, ಬರಲಿಲ್ಲ. ಆಕೆ ಬೇರೆ ಜನರನ್ನು ಕರೆದುಕೊಂಡು ಹೊರಟಳು. ಒಮ್ಮೆ ಗುರುತಿನ ಬಾಗಿಲು ತಟ್ಟಿದರೆ ತೆಗೆದವನು ಅಪರಿಚಿತ ಬಿಳಿಯ. ಮೊದಲಿದ್ದವನನ್ನು ಊರು ಬಿಡಿಸಿದ್ದರು. ಇಡೀ ದಿನ ಜೌಗಿನ ಹುಲ್ಲಿನಲ್ಲಿ ಒದ್ದೆಯಾಗಿ ಮಲಗಬೇಕಾಯಿತು. ತಂಗಿ ರೇಚಲ್‌ಳಿಗಾಗಿ ಹತ್ತು ವರ್ಷ ಪ್ರಯತ್ನಿಸಿದಳು, ಮಕ್ಕಳನ್ನು ಬಿಟ್ಟು ಬರಲು ರೇಚಲ್ ಒಪ್ಪಲಿಲ್ಲ. 1860ರ ಕೊನೆಯಲ್ಲಿ ಹೋದಾಗ ತಂಗಿ ಸತ್ತಿದ್ದಳು. ಇಬ್ಬರು ಮಕ್ಕಳನ್ನಾದರೂ ತರೋಣವೆಂದರೆ 30 ಡಾಲರ್ ಲಂಚ ಬೇಕಿತ್ತು, ಕೈಯಲ್ಲಿರಲಿಲ್ಲ. ಮಕ್ಕಳು ಅಲ್ಲೇ ಉಳಿದರು. ಆ ಸಲ ಬೇರೊಂದು ಕುಟುಂಬವನ್ನು ಕರೆತಂದಳು, ಅದೇ ಕೊನೆಯ ಪ್ರಯಾಣ.

ಕಳಚಿಡಬೇಕಾದ ಇನ್ನೂ ಕೆಲವು ಕಥೆಗಳಿವೆ. ಕೌದಿಯ ಚಿತ್ತಾರದಲ್ಲಿ ದಾರಿಯ ಗುಟ್ಟು ಹೊಲಿದಿದ್ದರು ಎಂಬುದಕ್ಕೆ ಆ ಕಾಲದ ಯಾವ ಆಧಾರವೂ ಇಲ್ಲ. "ಸಾವಿರ ಗುಲಾಮರನ್ನು ಬಿಡಿಸಿದೆ, ತಾವು ಗುಲಾಮರೆಂದು ಗೊತ್ತಿದ್ದರೆ ಇನ್ನೂ ಸಾವಿರ ಬಿಡಿಸುತ್ತಿದ್ದೆ" ಎಂಬ ವಾಟ್ಸ್ಆ್ಯಪ್ ಮಾತು ಆಕೆಯದಲ್ಲ. ತಾವು ಗುಲಾಮರೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಕೂಸು, ಮುದಿ ತಾಯಿ, ಬೇಟೆನಾಯಿ ಇವೇ ಕಟ್ಟಿಹಾಕಿದ್ದು.

ಒಂದೇ ರಾತ್ರಿಯಲ್ಲಿ ನೂರಾರು ಜನರನ್ನು ಬಿಡಿಸಿದ್ದು ಮಾತ್ರ ಸುಳ್ಳಲ್ಲ, ಅದು ಯುದ್ಧಕಾಲದ್ದು. 1862ರಲ್ಲಿ ಉತ್ತರದ ಸೈನ್ಯದ ಜೊತೆ ದಕ್ಷಿಣ ಕ್ಯಾರೊಲಿನಾಕ್ಕೆ ಹೋದ ಹ್ಯಾರಿಯೆಟ್ ಶುಶ್ರೂಷೆ ಮಾಡಿದಳು, ಗೂಢಚಾರರ ತಂಡ ಕಟ್ಟಿದಳು. 1863ರ ಜೂನ್ 1ರ ರಾತ್ರಿ ಕರ್ನಲ್ ಮಾಂಟ್‌ಗೊಮರಿಯ ಮೂರು ಹಡಗುಗಳು ಹೊರಟವು, ಒಂದು ದಾರಿಯಲ್ಲೇ ಮರಳಿಗೆ ಸಿಕ್ಕಿಕೊಂಡಿತು, ಎರಡು ಕಾಂಬಹೀ ನದಿಯೊಳಕ್ಕೆ ಹೋದವು. ನೀರಿನಲ್ಲಿ ಸಿಡಿಮದ್ದು ಎಲ್ಲಿ ಹುಗಿದಿದ್ದಾರೆಂಬುದು ಗುಲಾಮರಿಂದಲೇ ಗೊತ್ತಾಗಿತ್ತು. ದಂಡೆಯುದ್ದಕ್ಕೂ ಭತ್ತದ ಗದ್ದೆಗಳು. ಹಡಗಿನ ಸೀಟಿ ಕೇಳಿದ್ದೇ ಗದ್ದೆಯಿಂದ ಜನ ಓಡಿಬಂದರು: ಒಲೆಯ ಮೇಲಿಂದ ಇಳಿಸಿದ ಅನ್ನದ ಮಡಕೆ ಹೊಗೆಯಾಡುತ್ತ ತಲೆಯ ಮೇಲೆ, ಬೆನ್ನಿಗೆ ಕೂಸು, ಚೀಲದಲ್ಲಿ ಹಂದಿಮರಿ. ದೋಣಿಗಳಿಗೆ ಜೋತುಬಿದ್ದು ಬಿಡಲೊಲ್ಲರು. ಕರ್ನಲ್ ಹಾಡಲು ಹೇಳಿದ. ಹ್ಯಾರಿಯೆಟ್ ಹಾಡಿದಳು, ಜನ ಕೈಯೆತ್ತಿ ಕೂಗಿದರು, ಕೈಯೆತ್ತಿದಾಗ ದೋಣಿಗಳು ಬಿಡುಗಡೆಯಾದವು. 750ರಷ್ಟು ಜನ ಬಂದರು. ಕಾಯಿಲೆಯ ಬಾಣಂತಿಯೊಬ್ಬಳ ಎರಡು ಹಂದಿ ಹೊತ್ತು ಓಡುವಾಗ ಹ್ಯಾರಿಯೆಟ್‌ಳ ಲಂಗ ಕಾಲಿಗೆ ಸಿಕ್ಕಿ ಹರಿದು ಚಿಂದಿಯಾಯಿತು. ಗಂಡಸರ ಚಡ್ಡಿಯಂಥ ಉಡುಪು ಕಳಿಸಿ ಎಂದು ಆ ತಿಂಗಳ ಕೊನೆಗೆ ಪತ್ರ ಬರೆಸಿದಳು.

ಇಡೀ ಯುದ್ಧದಲ್ಲಿ ಸರ್ಕಾರದಿಂದ ಸಿಕ್ಕಿದ್ದು 200 ಡಾಲರ್, ಅದನ್ನೂ ಬಿಡುಗಡೆಯಾದ ಹೆಂಗಸರಿಗೆ ಬಟ್ಟೆ ಒಗೆಯುವ ಮನೆ ಕಟ್ಟಲು ಹಾಕಿದಳು. ಎರಡನೇ ಗಂಡ, ಸೈನಿಕ ನೆಲ್ಸನ್ ಡೇವಿಸ್ ಸತ್ತ ಮೇಲೆ ವಿಧವಾ ಪಿಂಚಣಿ ತಿಂಗಳಿಗೆ 8 ಡಾಲರ್ ಬಂತು. ಶುಶ್ರೂಷೆಯ ಲೆಕ್ಕ ಸೇರಿ 20 ಆದದ್ದು 1899ರಲ್ಲಿ. ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ 1913ರ ಮಾರ್ಚ್ 10ರಂದು ನ್ಯುಮೋನಿಯಾದಿಂದ ತೀರಿಕೊಂಡಳು. 20 ಡಾಲರ್ ನೋಟಿನ ಮೇಲೆ ಆಕೆಯ ಚಿತ್ರ ಹಾಕುತ್ತೇವೆಂದು 2016ರಲ್ಲಿ ಸಾರಿದರು. ನೋಟು ಇನ್ನೂ ಚಲಾವಣೆಗೆ ಬಂದಿಲ್ಲ. ಬಂದಿದೆ ಎಂದು ಮಗಳು ಬರೆದಿದ್ದರೆ ತೆಗೆಸಿ.

ಭಾಷಣ ಐದು ನಿಮಿಷದ್ದಾದರೆ ಹುಟ್ಟಿನಿಂದ ಸಾವಿನ ತನಕ ಓಡಿಸುವುದು ಬೇಡ. ಅಂಕಿಗಳಲ್ಲಿ 13 ಮತ್ತು 70 ಇಷ್ಟು ಸಾಕು. ಕಣಜದಿಂದ ಶುರುಮಾಡಲಿ, ತಂದೆಯ ಕಣ್ಣಿಗೆ ಕರವಸ್ತ್ರ ಏಕೆ ಎಂದು ಕೇಳುವವರನ್ನೇ ಕೇಳಲಿ, ಉತ್ತರವನ್ನು ಕೊನೆಗೆ ಹೇಳಲಿ.